ಒಕ್ಕಲೆಬ್ಬಿಸುವುದೂ ನಾವೇ, ಪುನರ್ವಸತಿಯೂ ನಮ್ಮದೇ

ದೇಹವೆಂಬ ಈ ವಠಾರದಲ್ಲಿ ಬಹುಮತ ಯಾರದೆಂದು 2016ರಲ್ಲಿ ಇಸ್ರೇಲ್ ಮತ್ತು ಕೆನಡಾದ ವಿಜ್ಞಾನಿಗಳು ಲೆಕ್ಕ ಹಾಕಿದಾಗ, ಮಾಲೀಕನ ಜೀವಕೋಶಗಳು ಸುಮಾರು 30 ಲಕ್ಷ ಕೋಟಿ, ಒಕ್ಕಲಿರುವ ಬ್ಯಾಕ್ಟೀರಿಯಾಗಳು ಸುಮಾರು 38 ಲಕ್ಷ ಕೋಟಿ ಎಂಬ ಅಂದಾಜು ಸಿಕ್ಕಿತು. ಎಲ್ಲರನ್ನೂ ಒಟ್ಟಿಗೆ ತೂಗಿದರೆ ಕಾಲು ಕೆಜಿಯೂ ಆಗದ ಈ ಬಹುಸಂಖ್ಯಾತರು ಹೆಚ್ಚಾಗಿ ದೊಡ್ಡಕರುಳಿನಲ್ಲಿ ಬೀಡುಬಿಟ್ಟು, ನಮಗೆ ಜೀರ್ಣವಾಗದ ನಾರನ್ನು ಹುದುಗಿಸಿ, ಒಂದಿಷ್ಟು ಕೆ ವಿಟಮಿನ್ನನ್ನೂ ತಯಾರಿಸಿಕೊಟ್ಟು, ಬಾಡಿಗೆಯನ್ನು ತಿಂಗಳು ತಪ್ಪದೆ ಚುಕ್ತಾ ಮಾಡುತ್ತಾರೆ. ಅವರಲ್ಲಿ ಯಾರೂ ಇದುವರೆಗೆ ಮೀಸಲಾತಿ ಕೇಳಿಲ್ಲ.

ಆದರೂ ಅಂಗಡಿಯ ಮೊದಲ ಸಾಲಿನಲ್ಲಿ ಶೇ. 99.9ರಷ್ಟು ಕೀಟಾಣುಗಳನ್ನು ಕೊಲ್ಲುವೆವೆಂದು ಪಣ ತೊಟ್ಟ ಸೋಪುಗಳು ನಿಂತಿರುತ್ತವೆ. ಉಳಿದ 0.1ರ ಗತಿಯನ್ನು ಯಾರೂ ವಿಚಾರಿಸುವುದಿಲ್ಲ. ಪ್ರಯೋಗಾಲಯದ ಸುಖವಾಸದಲ್ಲಿ ಇ. ಕೋಲಿ ಎಂಬ ಬ್ಯಾಕ್ಟೀರಿಯಾ 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗುವುದರಿಂದ, ಸಾವಿರಕ್ಕೊಂದು ಬದುಕಿದರೂ ಮೂರು ಗಂಟೆ ಇಪ್ಪತ್ತು ನಿಮಿಷದೊಳಗೆ ಹಳೆಯ ಜನಸಂಖ್ಯೆ ಮರಳಿ ತುಂಬುತ್ತದೆ. (ನಮ್ಮ ಚರ್ಮ ಅಷ್ಟು ಸುಖದ ಜಾಗವಲ್ಲವೆಂಬುದು ಬೇರೆ ಮಾತು.) ಇಂಥ ಸೋಪು ಸಾದಾ ಸೋಪು-ನೀರಿಗಿಂತ ಹೆಚ್ಚು ರಕ್ಷಣೆ ಕೊಡುತ್ತದೆಂಬುದನ್ನು ತಯಾರಕರು ತೋರಿಸಿಕೊಟ್ಟಿಲ್ಲವೆಂದು ಹೇಳಿ, ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಟ್ರೈಕ್ಲೋಸಾನ್ ಎಂಬ ಕೀಟಾಣುನಾಶಕ ಸೇರಿ 19 ಪದಾರ್ಥಗಳನ್ನು ಇಂಥ ಸೋಪುಗಳಿಂದ 2016ರಲ್ಲೇ ಹೊರಗಟ್ಟಿತು. ನಮ್ಮ ಜಾಹೀರಾತಿನ ತಾಯಂದಿರಿಗೆ ಮಾತ್ರ ಆ ಸುದ್ದಿ ಇನ್ನೂ ತಲುಪಿದಂತಿಲ್ಲ.

ಅದೇ ಅಂಗಡಿಯಲ್ಲಿ ನಾಲ್ಕು ಹೆಜ್ಜೆ ಮುಂದೆ ನಡೆದರೆ, ತಣ್ಣನೆಯ ಪೆಟ್ಟಿಗೆಯೊಳಗೆ ‘ಜೀವಂತ ಬ್ಯಾಕ್ಟೀರಿಯಾ’ ತುಂಬಿದ ಪುಟ್ಟ ಬಾಟಲಿಗಳು ಕಾದಿರುತ್ತವೆ. 38 ಲಕ್ಷ ಕೋಟಿಯ ಊರಿಗೆ ಕೆಲವು ನೂರು ಕೋಟಿ ನಿರಾಶ್ರಿತರನ್ನು ಕಳುಹಿಸುವ ಈ ಪುನರ್ವಸತಿ ಯೋಜನೆಗೆ ವೈದ್ಯರ ಅನುಮೋದನೆಯೂ ಉಂಟು. ವೈರಸ್ಸಿನಿಂದ ಬಂದ, ಆಂಟಿಬಯೋಟಿಕ್ ಮುಟ್ಟಲೂ ಆಗದ ನೆಗಡಿಗೆ ನನಗೊಮ್ಮೆ ಸಿಕ್ಕಿದ ಚೀಟಿಯ ಮೊದಲ ಸಾಲಿನಲ್ಲಿ ಬ್ಯಾಕ್ಟೀರಿಯಾ ಕೊಲ್ಲುವ ಮಾತ್ರೆಯಿತ್ತು, ಎರಡನೆಯ ಸಾಲಿನಲ್ಲಿ ಬ್ಯಾಕ್ಟೀರಿಯಾ ತುಂಬಿದ ಮಾತ್ರೆಯಿತ್ತು. ಎರಡಕ್ಕೂ ಒಂದೇ ಬಿಲ್ಲು.

ಹಿಂದೆ ನಮ್ಮ ಓಣಿಯಲ್ಲಿ ಹೆಪ್ಪಿಗೆಂದು ಲೋಟ ಹಿಡಿದು ಬರುತ್ತಿದ್ದ ಅಜ್ಜಿ, ಒಂದು ಚಮಚ ಮೊಸರಿನಲ್ಲಿ ಎಷ್ಟು ಕೋಟಿ ಒಕ್ಕಲಿದೆಯೆಂದು ಎಣಿಸಿದವರಲ್ಲ. ಅವರ ಮೊಮ್ಮಗ ಈಗ ಆ ಬಾಟಲಿಯ ಮುಚ್ಚಳ ತೆರೆಯುವ ಮೊದಲು ಕೈಗೆ ಸ್ಯಾನಿಟೈಸರ್ ಹಚ್ಚಿಕೊಳ್ಳುತ್ತಾನೆ.