ಹೆಸರಿಲ್ಲದ ಕಲ್ಲನ್ನು ಮಕ್ಕಳ ಕೈಗೆ ಕೊಡಬೇಕು

ನಾನೀಗ ನೆಲೆಸಿರುವ ನ್ಯೂಯಾರ್ಕ್ ರಾಜ್ಯದಲ್ಲಿ ಪ್ರೌಢಶಾಲೆಯ ಭೂವಿಜ್ಞಾನದ ‘ರೀಜೆಂಟ್ಸ್’ ಎಂಬ ರಾಜ್ಯಮಟ್ಟದ ಪರೀಕ್ಷೆಗೆ ಬಹುಕಾಲ ಒಂದು ಪ್ರಾಯೋಗಿಕ ಭಾಗವಿತ್ತು. ವಿದ್ಯಾರ್ಥಿಯು ಹೆಸರು ಬರೆಯದ ಖನಿಜವೊಂದರ ಹೊಳಪನ್ನು ನೋಡಿ, ಅದರಿಂದ ಗಾಜಿನ ಮೇಲೆ ಗೀರಿ, ಮೆರುಗಿಲ್ಲದ ಪಿಂಗಾಣಿ ಬಿಲ್ಲೆಯ ಮೇಲೆ ಉಜ್ಜಿ, ಅದು ಸಮತಲವಾಗಿ ಸೀಳುತ್ತದೆಯೋ ಒರಟಾಗಿ ಒಡೆಯುತ್ತದೆಯೋ ಎಂದು ಗಮನಿಸಿ, ಬಳಿಕ ಮುದ್ರಿತ ಪಟ್ಟಿಯೊಡನೆ ಹೋಲಿಸಿ ಹೆಸರನ್ನು ನಿರ್ಧರಿಸಬೇಕಿತ್ತು. ಪಟ್ಟಿ ಕೈಯಲ್ಲೇ ಇದ್ದುದರಿಂದ ಬಾಯಿಪಾಠಕ್ಕೆ ಅಲ್ಲಿ ಬೆಲೆಯಿರಲಿಲ್ಲ.

ಕರ್ನಾಟಕದಲ್ಲಿ ನಾವು ಕಲಿತದ್ದು ಬೇರೆಯೇ ಕ್ರಮದಲ್ಲಿ. ಮಾದರಿಗಳು ಚೀಟಿ ಅಂಟಿಸಿಕೊಂಡು ಗಾಜಿನ ಬೀರುವಿನಲ್ಲಿದ್ದವು. ಜರ್ಮನ್ ಖನಿಜಶಾಸ್ತ್ರಜ್ಞ ಫ್ರೆಡರಿಕ್ ಮೋಸ್ 1812ರಲ್ಲಿ ರೂಪಿಸಿದ ಗಡಸುತನದ ಮಾಪಕವನ್ನು ಅತಿ ಮೆದುವಾದ ಟಾಲ್ಕ್‌ನಿಂದ ಅತಿ ಗಡಸಾದ ವಜ್ರದವರೆಗೆ ತಪ್ಪಿಲ್ಲದೆ ಒಪ್ಪಿಸುತ್ತಿದ್ದೆವು. ಹೆಸರು ಮೊದಲೇ ಗೊತ್ತಿರುವ ಕಲ್ಲನ್ನು ಯಾರೂ ಪರೀಕ್ಷಿಸಲು ಹೋಗುವುದಿಲ್ಲ. ಸಂಡೂರಿನ ಕಬ್ಬಿಣದ ಅದಿರು ಹೆಮಟೈಟನ್ನೇ ನೋಡಿ: ಒಂದು ತುಂಡು ಉಕ್ಕಿನಂತೆ ಬೂದಾಗಿ ಹೊಳೆಯಬಹುದು, ಇನ್ನೊಂದು ಕೆಮ್ಮಣ್ಣಿನ ಹೆಂಟೆಯಂತೆ ಮಂಕಾಗಿರಬಹುದು. ಪಿಂಗಾಣಿಯ ಮೇಲೆ ಉಜ್ಜಿದರೆ ಎರಡರಿಂದಲೂ ಕೆಂಗಂದು ಗೆರೆಯೇ ಮೂಡುತ್ತದೆ. ಕಬ್ಬಿಣದ ಇನ್ನೊಂದು ಅದಿರಾದ ಮ್ಯಾಗ್ನಟೈಟ್ ಆದರೆ ಗೆರೆ ಕಪ್ಪು, ಜೊತೆಗೆ ಅಯಸ್ಕಾಂತ ಹಿಡಿದುಕೊಳ್ಳುತ್ತದೆ. ಮೇಲ್ಬಣ್ಣವನ್ನು ನಂಬಬಾರದೆಂಬುದು ಹೀಗೆ ಉಜ್ಜಿ ನೋಡಿದವರಿಗೆ ಮನದಟ್ಟಾಗುವಂತೆ ಓದಿದವರಿಗೆ ಆಗುವುದಿಲ್ಲ.

ಹಾಗೆಂದು ಅಮೆರಿಕದ ಕ್ರಮವನ್ನು ಪೂರ್ತಿ ಒಪ್ಪಲಾರೆ. ಪೆಟ್ಟಿಗೆಯಲ್ಲಿ ಕೊಂಡು ತಂದ, ಹೆಬ್ಬೆರಳ ಗಾತ್ರದ ಚೂರುಗಳಲ್ಲಿ ಖನಿಜವನ್ನು ಗುರುತಿಸಬಹುದು. ಪದರ, ಪಟ್ಟೆ, ಹರಳುಗಳ ಹೆಣಿಗೆ ಇವುಗಳಿಂದ ಗುರುತಿಸಬೇಕಾದ ಶಿಲೆಗೆ ಅಷ್ಟು ಸಾಲದು. ಅಭ್ರಕ ಮಿನುಗುವ, ಪದರಪದರವಾದ ಶಿಸ್ಟ್ ಬಂಡೆಗಳು ನ್ಯೂಯಾರ್ಕ್ ನಗರದ ಸೆಂಟ್ರಲ್ ಪಾರ್ಕಿನಲ್ಲೇ ಇರುವಾಗ ಚೂರುಗಳಿಗೆ ಅಂಟಿಕೊಳ್ಳುವುದೇಕೆ? ನಮ್ಮಲ್ಲಂತೂ ಸುಮಾರು 300 ಕೋಟಿ ವರ್ಷ ಹಳೆಯ ನೈಸ್ ಎಂಬ ಪಟ್ಟೆಪಟ್ಟೆಯ ಶಿಲೆ ಬೆಂಗಳೂರಿನ ಲಾಲ್‌ಬಾಗಿನಲ್ಲೇ ಇದೆ. ಅದರ ತಿಳಿ ಮತ್ತು ದಟ್ಟ ಬಣ್ಣದ ಪಟ್ಟೆಗಳನ್ನು ಹತ್ತಿರದಿಂದ ನೋಡಿದ ಮಗು ಅದನ್ನು ಅಂಥ ಪಟ್ಟೆಗಳಿಲ್ಲದ ಗ್ರಾನೈಟ್ ಎನ್ನಲು ಹಿಂಜರಿಯುತ್ತದೆ. ಅಡುಗೆಮನೆಯ ಕಟ್ಟೆಗೆ ‘ಕಪ್ಪು ಗ್ರಾನೈಟ್’ ಎಂದು ಮಾರಾಟವಾಗುವ ಚಾಮರಾಜನಗರದ ಕಲ್ಲು ವಾಸ್ತವದಲ್ಲಿ ಡಾಲೆರೈಟ್ ಎಂಬ ಬೇರೆಯೇ ಅಗ್ನಿಶಿಲೆ. ಕಲ್ಲು ಕತ್ತರಿಸುವವರ ಅಂಗಳದಲ್ಲಿ ಬಿದ್ದಿರುವ ಇಂಥ ತುಂಡುಗಳನ್ನು ಕೇಳಿ ತಂದರೆ ಪ್ರಯೋಗಾಲಯ ಅರ್ಧ ಸಿದ್ಧವಾದಂತೆ. (ಬಳಪದ ಕಲ್ಲು ಮೆದುವೆಂದು ತಿಳಿಯಲು ಹಳೇಬೀಡಿನ ಗುಡಿಯನ್ನು ಗೀರುವುದು ಮಾತ್ರ ಬೇಡ.)

ಇದಕ್ಕೆ ಹಣಕ್ಕಿಂತ ಹೆಚ್ಚಾಗಿ ಬೇಕಿರುವುದು ಅಂಕ ಕೊಡುವ ರೀತಿಯ ಬದಲಾವಣೆ. ಬೆಣಚುಕಲ್ಲನ್ನು ಕ್ಯಾಲ್ಸೈಟ್ (ಗಾಜನ್ನು ಗೀರದ, ಆಮ್ಲಕ್ಕೆ ನೊರೆಯೇಳುವ ಖನಿಜ) ಎಂದು ತಪ್ಪಾಗಿ ಬರೆದರೂ, ಅದು ಗಾಜನ್ನು ಗೀರಿತು, ದುರ್ಬಲ ಆಮ್ಲದ ಹನಿಗೆ ನೊರೆಯೇಳಲಿಲ್ಲ ಎಂದು ಸರಿಯಾಗಿ ದಾಖಲಿಸಿದ ವಿದ್ಯಾರ್ಥಿಗೆ ಅರ್ಧಕ್ಕಿಂತ ಹೆಚ್ಚು ಅಂಕ ಸಲ್ಲಬೇಕು.