ಸೆಕೆಂಡ್ ಹಾಕು ಮಾರಾಯ

ಕಾರಿನ ಎಡಗಡೆ ಸೀಟಿನ ಮುಂದೆ ಕ್ಲಚ್ ಇಲ್ಲ, ಬ್ರೇಕ್ ಇಲ್ಲ, ಸ್ಟೇರಿಂಗೂ ಇಲ್ಲ. ಆದರೂ ನಮ್ಮ ಭಾವ ಅಲ್ಲಿ ಕೂತರೆ ಕಾರು ಓಡಿಸುವುದು ಅವರೇ. ಮೊನ್ನೆ ಭಾನುವಾರ ಮುಳ್ಳೇರಿಯ ಕಡೆಗೆ ಒಂದು ಉಪನಯನಕ್ಕೆ ಅವರನ್ನೂ ಅಕ್ಕನನ್ನೂ ಕರೆದುಕೊಂಡು ಹೋಗಿದ್ದೆ. ನನ್ನ ಎಡ ಕಿವಿ ಇನ್ನೂ ಗುಂಯ್ ಅನ್ನುತ್ತಿದೆ.

ನಮ್ಮ ಕಡೆಯ ರಸ್ತೆಗಳು ಗೊತ್ತಲ್ವಾ? ಕಾಸರಗೋಡು ಬಿಟ್ಟು ಚೆರ್ಕಳ ದಾಟಿ ಒಳಗೆ ಬಂದರೆ ಸಮತಟ್ಟು ಅಂತ ಇರುವುದು ಶಾಲೆಯ ಮೈದಾನ ಮಾತ್ರ. ಮುರಕಲ್ಲಿನ ಗುಡ್ಡೆ, ಅದರ ಬುಡದಲ್ಲಿ ಅಡಿಕೆ ತೋಟ, ಮತ್ತೆ ಗುಡ್ಡೆ. ಟಾಪ್ ಗೇರಿಗೆ ಬಂದೆ ಅಂತ ಸ್ವಲ್ಪ ಕಾಲು ಸಡಿಲ ಮಾಡುವಷ್ಟರಲ್ಲಿ ಚಡವು, ಅಂದರೆ ಏರು ದಾರಿ, ಎದುರಾಗುತ್ತದೆ. ಗೇರ್ ಏರಿಸಲು ಬಾರದವನು ಇಲ್ಲಿ ಹೇಗೋ ಬದುಕಿಕೊಂಡಾನು. ಇಳಿಸಲು ಬಾರದವನು ಸೀದಾ ತೋಟಕ್ಕೇ ಇಳಿಯುತ್ತಾನೆ.

ಇಷ್ಟು ಮುಖ್ಯವಾದ ವಿದ್ಯೆ ಕಲಿಸುವವರು ಯಾರು? ಕೇರಳದಲ್ಲಿ ಕಾರಿನ ಲೈಸೆನ್ಸ್ ಬೇಕಾದರೆ 'ಎಚ್' ತೆಗೆಯಬೇಕು. ಕಂಬಗಳ ನಡುವೆ ಎಚ್ ಅಕ್ಷರದ ಆಕಾರದಲ್ಲಿ ಮುಂದೆ ಹೋಗು, ಹಿಂದೆ ಬಾ. ಫಸ್ಟು ಮತ್ತು ರಿವರ್ಸು, ಎರಡೇ ಗೇರಿನ ಕೆಲಸ. ಆಮೇಲೆ ರಸ್ತೆಯಲ್ಲೂ ಓಡಿಸಿ ತೋರಿಸಬೇಕು ಅನ್ನಿ. ಆದರೆ ಚಡವಿನಲ್ಲಿ ಮೂರರಿಂದ ಎರಡಕ್ಕೆ ಯಾವಾಗ ಬರಬೇಕು ಅನ್ನುವ ಪಾಠ ಪಕ್ಕದ ಸೀಟಿನವರ ಪಾಲಿಗೆ ಬಿಟ್ಟದ್ದು. ಅವರು ಕಲಿಸುತ್ತಾರೆ. ನಿಲ್ಲಿಸುವುದೇ ಇಲ್ಲ.

ಭಾವನಿಗೆ ಚಡವು ನನಗಿಂತ ಮೊದಲೇ ಕಾಣುತ್ತದೆ. ಕಂಡ ಕೂಡಲೇ ಅವರ ಎಡಗಾಲು ಮ್ಯಾಟಿನ ಮೇಲೆ ಇಲ್ಲದ ಕ್ಲಚ್ಚನ್ನು ಒತ್ತುತ್ತದೆ. ಬಲಗೈ ತೊಡೆಯಿಂದ ಮೆಲ್ಲ ಏಳುತ್ತದೆ. ಆಮೇಲೆ ಅಪ್ಪಣೆ: "ಸೆಕೆಂಡ್ ಹಾಕು ಮಾರಾಯ!" ಆಗ ಕಾರು ಐದನೇ ಗೇರಿನಲ್ಲಿ, ಅರುವತ್ತರ ವೇಗದಲ್ಲಿ ಇರುತ್ತದೆ. ನಾನು ಬ್ರೇಕಿನಲ್ಲಿ ವೇಗ ತಗ್ಗಿಸಿ ಮೂರಕ್ಕೆ ಬಂದರೆ "ಸೆಕೆಂಡ್ ಅಂದದ್ದು ನಾನು" ಎನ್ನುತ್ತಾರೆ. ಎರಡಕ್ಕೆ ಬಂದಾಗ ಚಡವು ಮುಗಿದಿರುತ್ತದೆ. ಆಗ "ಎಂತಕ್ಕೆ ಇನ್ನೂ ಸೆಕೆಂಡಿನಲ್ಲಿ?" ಎಂಬ ಪ್ರಶ್ನೆ.

ಲೆಕ್ಕ ಏನೂ ಕಷ್ಟದ್ದಲ್ಲ. ಮೂರನೇ ಗೇರಿನಲ್ಲಿ ನಿಮಿಷಕ್ಕೆ 2000 ಸುತ್ತು ತಿರುಗುವ ಇಂಜಿನ್, ಅದೇ ವೇಗದಲ್ಲಿ ಎರಡಕ್ಕೆ ಬಂದರೆ ಸುಮಾರು 3000 ತಿರುಗಬೇಕು. ಆ ಸಾವಿರ ಸುತ್ತನ್ನು ಯಾರಾದರೂ ಕೊಡಲೇಬೇಕು. ಕ್ಲಚ್ ಒತ್ತಿರುವಾಗಲೇ ಆಕ್ಸಿಲರೇಟರನ್ನು ಒಂಚೂರು ಮುಟ್ಟಿ ನೀವು ಕೊಟ್ಟರೆ ಕ್ಲಚ್ ಬಿಟ್ಟದ್ದೇ ಗೊತ್ತಾಗುವುದಿಲ್ಲ. ನೀವು ಕೊಡದಿದ್ದರೆ ಕ್ಲಚ್ ಪ್ಲೇಟ್ ಸವೆದು ಕೊಡುತ್ತದೆ. ಜೊತೆಗೆ ಹಿಂದೆ ಕೂತ ಅಕ್ಕನ ಹಣೆ ನನ್ನ ಸೀಟಿಗೆ ಬಡಿಯುತ್ತದೆ. ಇದನ್ನು ಭಾವನಿಗೆ ವಿವರಿಸಿದೆ. "ಕ್ಲಚ್ ಒತ್ತಿದ ಮೇಲೆ ಆಕ್ಸಿಲರೇಟರ್ ಕೊಡುವುದಾ? ಪೆಟ್ರೋಲ್ ನಿನಗೆ ಸುಮ್ನೆ ಬರ್ತದಾ?" ಅಂದರು.

ಪೆಟ್ರೋಲಿನ ವಿಷಯದಲ್ಲಿ ಅವರ ಸಂಶೋಧನೆಯೇ ಬೇರೆ. ಅವರು ಓಡಿಸುವಾಗ ಇಳಿಜಾರು ಸಿಕ್ಕಿದ ಕೂಡಲೇ ನ್ಯೂಟ್ರಲ್. ಕಾರ್ಬುರೇಟರ್ ಇದ್ದ ಕಾಲದಲ್ಲಿ ಈ ಉಪಾಯಕ್ಕೆ ಏನೋ ಅರ್ಥ ಇತ್ತು. ಈಗಿನ ಇಂಜೆಕ್ಷನ್ ಕಾರನ್ನು ಗೇರಿನಲ್ಲೇ ಬಿಟ್ಟು ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಚಕ್ರಗಳೇ ಇಂಜಿನನ್ನು ತಿರುಗಿಸುತ್ತವೆ, ಪೆಟ್ರೋಲು ಪೂರ್ತಿ ನಿಲ್ಲುತ್ತದೆ. ನ್ಯೂಟ್ರಲ್ ಹಾಕಿದರೆ ಇಂಜಿನ್ ಸಾಯಬಾರದು ಅಂತ ಪೆಟ್ರೋಲು ಬಂದೇ ಬರುತ್ತದೆ. ಅಂದರೆ ಭಾವ ಉಳಿಸುತ್ತಾ ಉಳಿಸುತ್ತಾ ಖರ್ಚು ಮಾಡುತ್ತಿದ್ದಾರೆ. ಗೇರಿನಲ್ಲಿದ್ದರೆ ಇಂಜಿನ್ನೂ ಕಾರನ್ನು ಹಿಡಿದಿಡುತ್ತದೆ, ನ್ಯೂಟ್ರಲಿನಲ್ಲಿ ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ಉದ್ದದ ಇಳಿಜಾರಿನಲ್ಲಿ ಬ್ರೇಕು ಕಾದು, ಕೊನೆಯ ತಿರುವಿನಲ್ಲಿ ಎಷ್ಟು ತುಳಿದರೂ ಹಿಡಿಯದೆ ಹೋಗಬಹುದು. ಚಡವಿನಲ್ಲಿ ಗೇರು ಇಳಿಸುವುದಕ್ಕಿಂತ ಇಳಿಜಾರಿನಲ್ಲಿ ಇಳಿಸುವುದು ಜಾಸ್ತಿ ಮುಖ್ಯ. ಅಲ್ಲಿ ಮಾತ್ರ ಭಾವನ ಬಾಯಿಂದ ಸೆಕೆಂಡ್ ಎಂಬ ಶಬ್ದ ಹೊರಡುವುದಿಲ್ಲ.

ಭಾನುವಾರ ನಡೆದದ್ದು ಇದು. ನಾವು ಚಡವು ಹತ್ತುತ್ತಿದ್ದೆವು. ಮೇಲಿನಿಂದ ಒಂದು ಬಸ್ಸು ಇಳಿಯಿತು. ಕಿರಿದಾದ ಏರು ರಸ್ತೆಯಲ್ಲಿ ಹತ್ತುವ ವಾಹನಕ್ಕೆ ದಾರಿ ಬಿಡಬೇಕು ಅಂತ ನಿಯಮ ಇದೆ. ಡ್ರೈವರಿಗೆ ಇದ್ದಂತೆ ಕಾಣಲಿಲ್ಲ. ನಾನು ನಿಧಾನ ಮಾಡಿ, ಎರಡಕ್ಕೆ ಬರೋಣ ಅಂತ ಎಡಗಾಲು ಎತ್ತಿದೆ. ಅಷ್ಟೇ. ಭಾವನ ಬಲಗೈ ಇಷ್ಟು ವರ್ಷ ತೊಡೆಯ ಮೇಲೆ ತಡಕೊಂಡದ್ದನ್ನು ಇನ್ನು ತಡೆಯಲಾರದೆ ಗೇರ್ ಲಿವರ್ ಹಿಡಿದು ಎಳೆದೇಬಿಟ್ಟಿತು. ಕ್ಲಚ್ ಇನ್ನೂ ಒತ್ತಿರಲಿಲ್ಲ. ಮೂರರಿಂದ ಕಳಚಿತು, ಎರಡಕ್ಕೆ ಬೀಳಲಿಲ್ಲ. ಮುರಕಲ್ಲಿನ ಮೇಲೆ ಹಾರೆ ಎಳೆದ ಹಾಗೆ ಸದ್ದು. ಎದುರಿನ ಅಂಗಡಿಯ ಬೆಂಚಿನಲ್ಲಿ ಚಾ ಕುಡಿಯುತ್ತಿದ್ದವರೆಲ್ಲ ಗ್ಲಾಸು ಕೆಳಗಿಟ್ಟರು.

ಆಮೇಲೆ ಸಲಹೆಗಳು ಬಂದವು. "ಫಸ್ಟ್ ಪಾಡ್ಲೆ" ಎಂದು ತುಳುವಿನಲ್ಲಿ ಒಬ್ಬರು. ಹ್ಯಾಂಡ್ ಬ್ರೇಕ್ ಎಳೆಯಲು ಮಲಯಾಳದಲ್ಲಿ ಇನ್ನೊಬ್ಬರು. ಕನ್ನಡದವರೊಬ್ಬರು ಮಾತಾಡದೆ ಎದ್ದು ಬಂದು ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟರು. ಭಾವ ಕಾರಿನಿಂದ ಇಳಿದು ಪಂಚೆ ಸರಿಮಾಡಿಕೊಂಡು ಬೆಂಚಿನವರಿಗೆ ಹೇಳಿದರು: "ಇವನಿಗೆ ಚಡವಿನ ಅಭ್ಯಾಸ ಸಾಲದು." ನನ್ನ ತಲೆಯಲ್ಲಿ ಕಪ್ಪು ಕೂದಲು ಹುಡುಕಬೇಕು. ಈ ರಸ್ತೆಯಲ್ಲೇ ಹಣ್ಣಾದ ಕೂದಲು. ಕಾರಿಗೆ ವಾಪಸು ಹತ್ತಿದವರು ಇನ್ನೊಂದು ಸೇರಿಸಿದರು: "ಗೇರ್ ಬಾಕ್ಸ್ ಒಮ್ಮೆ ತೋರಿಸು, ಎಂತದೋ ಸದ್ದು ಬರ್ತದೆ."

ಸಣ್ಣವನಿದ್ದಾಗ ನಮ್ಮೂರಿಗೆ ಸರ್ವಿಸ್ ಜೀಪು ಬರುತ್ತಿತ್ತು. ಒಳಗೆ ಜನ, ಹೊರಗೆ ನೇತಾಡುವ ಜನ, ಮೇಲೆ ಅಡಿಕೆ ಗೋಣಿ. ಆ ಹಳೆ ಜೀಪುಗಳ ಫಸ್ಟ್ ಗೇರಿಗೆ ಸಿಂಕ್ರೊಮೆಶ್, ಅಂದರೆ ಗೇರು ಸಲೀಸಾಗಿ ಬೀಳಲು ವೇಗ ಹೊಂದಿಸಿ ಕೊಡುವ ಏರ್ಪಾಡು, ಇರಲಿಲ್ಲ. ಓಡುತ್ತಿರುವಾಗ ಫಸ್ಟಿಗೆ ಬರಬೇಕಾದರೆ ಡಬಲ್ ಕ್ಲಚ್: ಒತ್ತಿ ನ್ಯೂಟ್ರಲ್, ಬಿಟ್ಟು ಆಕ್ಸಿಲರೇಟರ್ ತುಳಿದು ಒಂದು ರೈಸ್, ಮತ್ತೆ ಒತ್ತಿ ಗೇರು. ಡ್ರೈವರ್ ಬೀಡಿ ಬಾಯಲ್ಲಿಟ್ಟುಕೊಂಡೇ ಮಾಡುತ್ತಿದ್ದರು, ಬೂದಿ ಉದುರುತ್ತಿರಲಿಲ್ಲ. ಸಂಜೆ ಗುಡ್ಡೆಯ ಆಚೆ ಆ ರೈಸ್ ಕೇಳಿದರೆ ಅಮ್ಮ ಒಲೆಗೆ ಚಾದ ಪಾತ್ರೆ ಇಡುತ್ತಿದ್ದಳು, ಪೇಟೆಗೆ ಹೋದ ಅಪ್ಪ ಬಂದರು ಅಂತ. ಅಪ್ಪ ಅಂಗಳಕ್ಕೆ ಇಳಿಯುವಾಗ ಚಾ ಕುದಿದಿರುತ್ತಿತ್ತು. ಆ ಡ್ರೈವರಿಗೆ ಸೆಕೆಂಡ್ ಹಾಕು ಅಂತ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಭಾವನಿಗೂ.

ಉಪನಯನದ ಮನೆಗೆ ಭಾವನ ಮಗನೂ ಬೆಂಗಳೂರಿನಿಂದ ಬಂದಿದ್ದ. ಊಟದ ಪಂಕ್ತಿಯಲ್ಲಿ ನನಗೆ 'ಹೀಲ್ ಅಂಡ್ ಟೋ' ಕಲಿಸಿದ. ರೇಸಿನವರು ಬಲಗಾಲಿನ ಒಂದು ಬದಿಯಲ್ಲಿ ಬ್ರೇಕ್ ಹಿಡಿದು, ಅದೇ ಕಾಲಿನ ಇನ್ನೊಂದು ಬದಿಯಲ್ಲಿ ಆಕ್ಸಿಲರೇಟರ್ ಮುಟ್ಟಿ, ಎಡಗಾಲಲ್ಲಿ ಕ್ಲಚ್ ಒತ್ತಿ ಗೇರು ಇಳಿಸುತ್ತಾರಂತೆ. ಪಂಚೆ ಉಟ್ಟು, ಹವಾಯಿ ಚಪ್ಪಲಿ ಹಾಕಿ ಇದನ್ನು ಮಾಡಿದರೆ ಏನಾದೀತು ಅಂತ ಯೋಚಿಸುತ್ತಾ ಪಾಯಸ ಮುಗಿಸಿದೆ. ಇಷ್ಟೆಲ್ಲ ಹೇಳಿದವನ ಕಾರು ಎಎಂಟಿ, ಗೇರು ತಾನೇ ಹಾಕಿಕೊಳ್ಳುವಂಥದ್ದು. ಅದರಲ್ಲಿ ಕ್ಲಚ್ ಪೆಡಲೇ ಇಲ್ಲ.

ವಾಪಸು ಬರುವಾಗ ಭಾವ ಅವನ ಕಾರು ಹತ್ತಿದರು. ನನಗೆ ಅಷ್ಟೇ ಸಾಕಿತ್ತು. ಆದರೆ ನನ್ನ ಕಾರಿನ ಗೇರ್ ಬಾಕ್ಸಿನ ಮೇಲೆ ಭರವಸೆ ಇಲ್ಲದ ಅಕ್ಕ ನನ್ನನ್ನೂ ಅದರಲ್ಲೇ ಹಿಂದೆ ಕೂರಿಸಿದಳು. ಚಡವು ಬಂತು. ಎಎಂಟಿ ಅರ್ಧ ಹತ್ತಿ, ಯಾವ ಗೇರು ಅಂತ ಯೋಚಿಸುತ್ತಾ ಸುಸ್ತಾಯಿತು. ಭಾವನ ಎಡಗಾಲು ಮ್ಯಾಟಿಗೆ ಬಿತ್ತು.

"ಸೆಕೆಂಡ್ ಹಾಕು!"

"ಅಪ್ಪಾ, ಅದೇ ಹಾಕಿಕೊಳ್ತದೆ."

"ಯಾವಾಗ?"

ಹುಡುಗ ಉತ್ತರ ಕೊಡಲಿಲ್ಲ. ಕಾರೂ ಕೊಡಲಿಲ್ಲ. ಭಾವ ಮುಂದಕ್ಕೆ ಬಾಗಿ, ಡ್ಯಾಶ್‌ಬೋರ್ಡಿಗೆ ಬೆರಳು ತೋರಿಸಿ, ಜೋರಾಗಿ, ಬಿಡಿಸಿ ಬಿಡಿಸಿ ಹೇಳಿದರು: "ಸೆ-ಕೆಂ-ಡ್." ಆ ಕ್ಷಣಕ್ಕೇ ಕಾರು ಎರಡಕ್ಕೆ ಬಂದು ಭರ್ ಅಂತ ಹತ್ತಿತು. ಭಾವ ಹಿಂದಕ್ಕೆ ತಿರುಗಿ ನನ್ನನ್ನು ನೋಡಿದರು.