ಒಂದು ಲೀಟರಿಗೆ ಎಷ್ಟು ಹೊತ್ತು ದುಡಿಬೇಕು?

ವಾಟ್ಸಾಪಲ್ಲಿ ಮತ್ತೆ ಆ ಲಿಸ್ಟ್ ಬಂತು. ಭೂತಾನಲ್ಲಿ ಪೆಟ್ರೋಲ್ ಇಷ್ಟು, ಕುವೈತಲ್ಲಿ ಇಷ್ಟು, ನಮ್ಮಲ್ಲಿ ಮಾತ್ರ ನೂರರ ಮೇಲೆ, ಎಲ್ಲರೂ ಶೇರ್ ಮಾಡಿ ಅಂತ. ನಮ್ಮ ಭಾವ ಕುವೈತಲ್ಲೇ ಇರುದು, ರಜೆಗೆ ಬಂದಾಗ ಬಂಕಲ್ಲಿ ಬಿಲ್ ನೋಡಿ ಪ್ರತಿ ಸಲ ಇದೇ ಮಾತು, ಅಲ್ಲಿ ಲೀಟರಿಗೆ 85 ಫಿಲ್ಸ್ ಮಾರಾಯಾ ಅಂತ. ಸರಿಯೇ. 2016ರಲ್ಲಿ 60 ಇದ್ದದ್ದನ್ನು 85 ಮಾಡಿದ್ರು, ಆಮೇಲೆ ಎಷ್ಟೋ ವರ್ಷ ಅಲ್ಲಾಡ್ಲೇ ಇಲ್ಲ, 2024ರಲ್ಲಿ ನಮ್ಮ ದುಡ್ಡಲ್ಲಿ ಹತ್ರ ಹತ್ರ 23 ರೂಪಾಯಿ. ಆದ್ರೆ ಅದು ಅವರದ್ದೇ ನೆಲದ ಎಣ್ಣೆ, ಕಂಪನಿ ಸರ್ಕಾರದ್ದೇ, ಖಜಾನೆ ತುಂಬುದೇ ಎಣ್ಣೆ ಮಾರಿ, ಹಾಗಿರುವಾಗ ಜನರ ಟ್ಯಾಂಕಿಂದ ತೆರಿಗೆ ತೆಗಿಬೇಕಾದ ಗರಜು ಅವರಿಗೆ ಇಲ್ಲ. ನಾವು ನೂರರಲ್ಲಿ ಎಂಬತ್ತೈದಕ್ಕಿಂತ ಹೆಚ್ಚು ಪಾಲು ಕಚ್ಚಾ ಎಣ್ಣೆ ಹೊರಗಿಂದ ತರುವವರು. ಮತ್ತೆ ನಾರ್ವೆ ಉಂಟಲ್ವಾ, ಎಣ್ಣೆ ಮಾರಿಯೇ ಶ್ರೀಮಂತ ಆದ ದೇಶ, ಅಲ್ಲಿ ಪೆಟ್ರೋಲ್ ನಮಗಿಂತ ಎಷ್ಟೋ ಜಾಸ್ತಿ, ಬೇಕು ಅಂತಲೇ ತೆರಿಗೆ ಹಾಕಿದ್ದಾರೆ, 2024ರಲ್ಲಿ ಅಲ್ಲಿ ಮಾರಾಟ ಆದ ಹತ್ತು ಹೊಸ ಕಾರಲ್ಲಿ ಒಂಬತ್ತರಷ್ಟು ಎಲೆಕ್ಟ್ರಿಕ್.

ನನಗೆ ಸಿಟ್ಟು ಬರುದು ಎಂತದಕ್ಕೆ ಹೇಳಿದ್ರೆ, ಎಲ್ಲರೂ ತಮಗೆ ಅನುಕೂಲ ಆಗುವ ಹೋಲಿಕೆ ಮಾತ್ರ ಹೆಕ್ಕಿಕೊಳ್ತಾರೆ. 2022ರ ಏಪ್ರಿಲಲ್ಲಿ ಕೇಂದ್ರದ ಪೆಟ್ರೋಲಿಯಂ ಮಂತ್ರಿ ಲೋಕಸಭೆಯಲ್ಲಿ ಅಮೆರಿಕ, ಜರ್ಮನಿ, ಬ್ರಿಟನ್‌ನಲ್ಲೆಲ್ಲ ರೇಟು ಐವತ್ತು ಪರ್ಸೆಂಟ್ ಮೇಲೆ ಏರಿದೆ, ನಮ್ಮಲ್ಲಿ ಬರೀ ಐದು ಅಂತ ಹೇಳಿದ್ರು. 2024ರ ಜೂನ್ 15ಕ್ಕೆ ಕರ್ನಾಟಕ ಪೆಟ್ರೋಲ್ ಮೇಲಿನ ಮಾರಾಟ ತೆರಿಗೆ 25.92ರಿಂದ 29.84 ಪರ್ಸೆಂಟಿಗೆ ಏರಿಸಿದಾಗ ಮುಖ್ಯಮಂತ್ರಿ ಹೇಳಿದ್ದೂ ಅದೇ ಧಾಟಿ, ಏರಿಸಿದ ಮೇಲೂ ಅಕ್ಕಪಕ್ಕದ ರಾಜ್ಯಗಳಿಗಿಂತ ಕಮ್ಮಿಯೇ ಉಂಟಲ್ಲ ಅಂತ. ದುಬಾರಿ ಇರುವವರನ್ನು ತೋರಿಸಿ ನಮ್ಮ ಬಾಯಿ ಮುಚ್ಚಿಸುದು. ಕೂಲಿ ಎಷ್ಟು ಅಂತ ಯಾರೂ ಪಕ್ಕದಲ್ಲಿ ಇಟ್ಟು ನೋಡುದಿಲ್ಲ.

ನಾನು ಇಟ್ಟು ನೋಡಿದೆ. ಅಮೆರಿಕದಲ್ಲಿ ಫೆಡರಲ್ ಕನಿಷ್ಠ ಕೂಲಿ ಗಂಟೆಗೆ 7.25 ಡಾಲರ್, 2009ರಿಂದ ಏರಿಯೇ ಇಲ್ಲ, ತೀರಾ ಕಮ್ಮಿ ಅಂತ ಅವರೇ ಬೈತಾರೆ. 2024ರಲ್ಲಿ ಗ್ಯಾಲನಿಗೆ ಸರಾಸರಿ 3.30 ಡಾಲರ್ ಆಸುಪಾಸು, ಒಂದು ಗ್ಯಾಲನ್ ಹೇಳಿದ್ರೆ 3.785 ಲೀಟರ್. ಅಂದ್ರೆ ಆ ತೀರಾ ಕಮ್ಮಿ ಕೂಲಿಯವನಿಗೂ ಒಂದೇ ಗಂಟೆ ದುಡಿಮೆಗೆ ಎಂಟು ಲೀಟರ್ ಮೇಲೆ ಸಿಗ್ತದೆ. ಅದೇ ವರ್ಷ ನಮ್ಮ ರಾಜ್ಯದಲ್ಲಿ ನರೇಗಾ ಕೂಲಿ ದಿನಕ್ಕೆ 349 ರೂಪಾಯಿ. ಇಡೀ ದಿನ ಬಿಸಿಲಲ್ಲಿ ಮಣ್ಣು ಅಗೆದವನಿಗೆ ಮೂರೂವರೆ ಲೀಟರ್ ಕೂಡ ಬರುದಿಲ್ಲ. ರೂಪಾಯಿಗೆ ಬದಲಾಯಿಸಿದ್ರೆ ಅಲ್ಲಿಗೂ ಇಲ್ಲಿಗೂ ಲೀಟರಿಗೆ ಮೂವತ್ತು ರೂಪಾಯಿಯ ವ್ಯತ್ಯಾಸ ಅಷ್ಟೇ ಕಾಣುದು, ಹಾಗಾಗಿಯೇ ಆ ಲಿಸ್ಟ್ ನೋಡಿದ್ರೆ ನಿಜ ಗೊತ್ತಾಗುದಿಲ್ಲ.

ತೆರಿಗೆ ಬೇಡ ಅಂತ ನಾನು ಹೇಳುದಿಲ್ಲ. ತಲಪಾಡಿ ದಾಟಿದ್ರೆ ಕೇರಳ, ಅಲ್ಲಿ ಇನ್ನೂ ಜಾಸ್ತಿ, ಮಂಜೇಶ್ವರದವರು ಈಚೆ ಬಂದು ಹಾಕಿಸಿಕೊಂಡು ಹೋಗ್ತಾರೆ. ಆದ್ರೆ 2023ರ ಏಪ್ರಿಲಲ್ಲಿ ಕೇರಳ ಲೀಟರಿಗೆ 2 ರೂಪಾಯಿ ಸೆಸ್ ಹಾಕಿದಾಗ ಇದು ಸಾಮಾಜಿಕ ಭದ್ರತೆ ಪಿಂಚಣಿಗೆ ಅಂತ ಹೆಸರು ಹೇಳಿಯೇ ಹಾಕಿತು. ಬೈಲಿಕ್ಕಾದ್ರೂ ಒಂದು ಹೆಸರು ಉಂಟು. ನಮ್ಮಲ್ಲಿ 2024ರ ಆ ಜೂನಲ್ಲಿ ಲೀಟರಿನ ಮೇಲೆ ಕೇಂದ್ರದ ಅಬಕಾರಿ ಸುಂಕ 19.90, ಅದನ್ನೂ ಸೇರಿಸಿದ ಮೊತ್ತದ ಮೇಲೆ ರಾಜ್ಯದ ಪರ್ಸೆಂಟು, ಅಂದ್ರೆ ತೆರಿಗೆಗೂ ತೆರಿಗೆ, ಅದು ಇಪ್ಪತ್ತೆರಡು ಇಪ್ಪತ್ಮೂರು ರೂಪಾಯಿ ಆಗ್ತಿತ್ತು. ಬಂಕಿನ ಬಿಲ್ಲಲ್ಲಿ ಇದರ ಒಂದು ಸಾಲಾದ್ರೂ ಪ್ರಿಂಟ್ ಆಗ್ತದಾ? ಹೋಟೆಲಲ್ಲಿ ಎರಡು ಇಡ್ಲಿ ತಿಂದ್ರೆ ಜಿಎಸ್‌ಟಿ ಕೇಂದ್ರದ್ದು ಎಷ್ಟು ರಾಜ್ಯದ್ದು ಎಷ್ಟು ಅಂತ ಬೇರೆ ಬೇರೆ ಬರ್ತದೆ, ಪೆಟ್ರೋಲಿಗೂ ಹಾಗೇ ಬರ್ಬೇಕು. ಇಷ್ಟು ಕೇಳುದು ದೊಡ್ಡ ವಿಷಯ ಅಲ್ಲ.

ನಮ್ಮಲ್ಲಿ ಅಡಿಕೆ ಸುಲಿಲಿಕ್ಕೆ ಬರುವವರ ಮಗ ಹಳೇ ಬೈಕಲ್ಲಿ ಕೆಲಸಕ್ಕೆ ಹೋಗುದು. ಅವನು ಯಾವತ್ತೂ ಲೀಟರ್ ಲೆಕ್ಕದಲ್ಲಿ ಕೇಳುದಿಲ್ಲ, ನೂರರದ್ದು ಹಾಕಿ ಅಂತಲೇ ಕೇಳುದು. ಆ ಜೂನ್ 14ರವರೆಗೆ ಆ ನೂರಕ್ಕೆ ಒಂದು ಲೀಟರ್ ಬರ್ತಿತ್ತು. ಮರುದಿನದಿಂದ ಬರ್ಲಿಲ್ಲ.